ನೆಲದ ಟಿಕೆಟ್ಟಿನವರ ಮಾತು

ಮಳೆಗಾಲ ಹಿಂದಾಗಿ ದಸರೆ ಹತ್ತಿರ ಬಂತೆಂದರೆ ನಮ್ಮಲ್ಲಿ ನಾಟಕದ ಹೊಸ ಸೀಸನ್ನು ಶುರುವಾಗುತ್ತದೆ. ಹೆಗ್ಗೋಡಿನಲ್ಲಿ ನೀನಾಸಂ ತಿರುಗಾಟದ ಹೊಸ ನಾಟಕಗಳು ತಯಾರಾಗಿ ಊರೂರಿಗೆ ಹೊರಡುತ್ತವೆ. 1985ರಲ್ಲಿ ಶುರುವಾದ ಪರಿಪಾಠ ಇದು. ಮೈಸೂರು, ಬೆಂಗಳೂರು, ಧಾರವಾಡಗಳ ರಂಗಮಂದಿರಗಳಲ್ಲಿ ಪಟ್ಟಿಗಳು ಅಂಟುತ್ತವೆ. ನಾಟಕ ನೋಡುವ ಚಟ ಇರುವವರ ನಡುವೆ ಅದೇ ಮಾತು: ‘ಈ ಸಲ ಯಾರ ನಿರ್ದೇಶನ?’, ‘ಭಾನುವಾರದ್ದು ಆಗ್ಲೇ ಖಾಲಿಯಂತೆ’, ‘ನಿಮಗೆ ಟಿಕೆಟ್ ಸಿಕ್ತಾ?’ ಮೊದಲ ಪ್ರದರ್ಶನ ಮುಗಿದ ಮೇಲೆ ಕ್ಯಾಂಟೀನಿನ ಕಟ್ಟೆಯಲ್ಲಿ ಇನ್ನೊಂದು ಸುತ್ತಿನ ಮಾತು: ‘ಬೆಳಕು ಚೆನ್ನಾಗಿತ್ತು’, ‘ಎರಡನೇ ಭಾಗ ಎಳೆದ್ರು’, ‘ಹೋದ ವರ್ಷದಷ್ಟು ಇಲ್ಲ’. ಆ ವಾರದ ಪತ್ರಿಕೆಯ ರಂಗವಿಮರ್ಶೆ ಬಹುಮಟ್ಟಿಗೆ ಈ ಕಟ್ಟೆಯ ಮಾತಿನ ಶಿಷ್ಟರೂಪವೇ ಆಗಿರುತ್ತದೆ.

ನಮ್ಮ ರಂಗವಿಮರ್ಶೆ ಮೂರನೆಯ ಗಂಟೆ ಹೊಡೆದ ಮೇಲೆ ಕಣ್ಣು ಬಿಡುತ್ತದೆ. ನಾಟಕಕಾರ, ನಿರ್ದೇಶಕ, ನಟ, ರಂಗಸಜ್ಜಿಕೆ ಎಲ್ಲವೂ ಅದರ ಕಣ್ಣಿಗೆ ಬೀಳುತ್ತವೆ. ಟಿಕೆಟ್ಟು ಯಾರು ಕೊಂಡರು, ಯಾರು ಎಲ್ಲಿ ಕೂತರು, ಯಾರು ಬರಲೇ ಇಲ್ಲ, ಬಂದವರಲ್ಲಿ ಯಾರ ಮಾತು ವಿಮರ್ಶೆ ಅನಿಸಿಕೊಂಡಿತು, ಯಾರದು ಬರೀ ಗಲಾಟೆ ಅನಿಸಿಕೊಂಡಿತು ಎಂಬುದು ಬೀಳುವುದಿಲ್ಲ. ದಲಿತ ವಿಮರ್ಶೆ ಎಂದರೆ ದಲಿತರು ಬರೆದದ್ದರ ವಿಮರ್ಶೆ ಅಥವಾ ನಾಟಕದೊಳಗಿನ ದಲಿತ ಪಾತ್ರದ ವಿಮರ್ಶೆ ಎಂದಷ್ಟೇ ತಿಳಿದರೆ ನಾವೂ ಆ ಮೂರನೆಯ ಗಂಟೆಗೇ ಕಾದು ಕೂತಂತೆ. ನಾನು ಟಿಕೆಟ್ಟಿನ ಕಿಂಡಿಯಿಂದ ಶುರುಮಾಡುತ್ತೇನೆ.

ಟಿಕೆಟ್ಟು ಅನ್ನೋದು ನಮ್ಮ ಪಾಲಿಗೆ ಸಣ್ಣ ವಸ್ತುವಲ್ಲ. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದಾಗಿನಿಂದ ಕಂಪನಿ ನಾಟಕಗಳು ಊರೂರಿನಲ್ಲಿ ಕ್ಯಾಂಪು ಹಾಕಿ ಕುರ್ಚಿ, ಬೆಂಚು, ನೆಲ ಎಂದು ಕಾಸಿನ ಮೇಲೆ ಜನರನ್ನು ವಿಂಗಡಿಸಿದವು. ಇದು ವರ್ಗದ ವಿಂಗಡಣೆ, ನಿಜ. ಆದರೆ ಹುಟ್ಟಿನ ಮೇಲೆ ವಿಂಗಡಿಸುವ ಊರಿನಿಂದ ಬಂದವರಿಗೆ ಕಾಸಿನ ಮೇಲೆ ವಿಂಗಡಿಸುವ ಟೆಂಟು ಒಂದು ಬಿಡುಗಡೆಯಾಗಿಯೂ ಕಂಡಿತ್ತು. ನಮ್ಮವ್ವ ತಾಲ್ಲೂಕಿನಲ್ಲಿ ಕಂಪನಿ ಕ್ಯಾಂಪು ಹಾಕಿದಾಗ ನೆಲದ ಟಿಕೆಟ್ಟು ತಗೊಂಡು ನಾಟಕ ನೋಡಿದ್ದನ್ನು ಹೇಳುತ್ತಿದ್ದಳು. ಊರ ಹೋಟೆಲಿನಲ್ಲಿ ನಮಗೆ ಬೇರೆ ಲೋಟ; ಟೆಂಟಿನಲ್ಲಿ ಬೇರೆ ನೆಲ ಇರಲಿಲ್ಲ. ‘ಗುರ್ತು ಸಿಕ್ಕಿದ್ರೆ ಸರ್ಕಂಡು ಕೂರೋರು. ದೀಪ ಆರಿಸಿದ್ ಮೇಲೆ ಯಾರ್ಗೆ ಯಾರ ಗುರ್ತು?’ ಅಂತ ನಗೋಳು. ಆ ನಗುವಿನಲ್ಲಿ ಗೆದ್ದ ಸುಖ ಇತ್ತು.

ಬಾಬಾಸಾಹೇಬರಿಗೆ ಇದರ ಬೆಲೆ ಗೊತ್ತಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯ ಎರಡನೆಯ ಭಾಗವನ್ನು ತೆಗೆದು ನೋಡಿ. ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳ ಜೊತೆಗೆ ಸಾರ್ವಜನಿಕ ಮನರಂಜನೆಯ ಸ್ಥಳಗಳೂ ಅಲ್ಲಿವೆ. ಜಾತಿಯ ಕಾರಣಕ್ಕೆ ಅಲ್ಲಿಗೆ ಯಾರನ್ನೂ ಬರಬೇಡ ಅನ್ನುವಂತಿಲ್ಲ. ಹಾಗೆ ತಡೆಯುವುದನ್ನು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಶಿಕ್ಷೆಗೆ ಗುರಿಮಾಡಿತು. ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬುದು ಅದಕ್ಕೇ ಆಮೇಲೆ ಬಂದ ಹೆಸರು. ಕುಡಿಯುವ ನೀರಿನ ಪಕ್ಕದಲ್ಲೇ ನಾಟಕದ ಮನೆಯೂ ನಮ್ಮ ಹಕ್ಕಿನ ಪಟ್ಟಿಯಲ್ಲಿದೆ. ನಾಟಕ ನೋಡುವುದು ಹೊಟ್ಟೆ ತುಂಬಿದವರ ಶೋಕಿ, ಚಳವಳಿಗೆ ಅದು ಯಾಕೆ ಎಂದು ಕೇಳುವ ನಮ್ಮದೇ ಗೆಳೆಯರು ಇದನ್ನೊಮ್ಮೆ ಓದಿಕೊಳ್ಳಬೇಕು.

ಇಷ್ಟಾದರೂ, ಬಾಗಿಲು ತೆರೆದ ಮಾತ್ರಕ್ಕೆ ಒಳಗಿನ ಜಾಗ ನಮ್ಮದಾಯಿತೆ? ಇದಕ್ಕೆ ನನ್ನ ಚಿಕ್ಕಪ್ಪನ ಕತೆ ಹೇಳಬೇಕು.

ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ, ನಮ್ಮ ಕೇರಿಗಳಲ್ಲೂ, ಪೌರಾಣಿಕ ನಾಟಕ ಆಡುವ ಪದ್ಧತಿ ಇವತ್ತಿಗೂ ಇದೆ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ಸೀನರಿ, ಡ್ರೆಸ್ಸು, ಮೈಕು ಎಲ್ಲ ಬಾಡಿಗೆಗೆ. ಈ ಖರ್ಚನ್ನು ತೂಗಿಸುವವರು ನೋಡುಗರಲ್ಲ, ಪಾತ್ರಧಾರಿಗಳು. ದುರ್ಯೋಧನನಿಗೆ ಇಷ್ಟು, ಕರ್ಣನಿಗೆ ಇಷ್ಟು ಎಂದು ಪಾರ್ಟಿಗೆ ರೇಟು. ದುಡ್ಡು ಕೊಡೋರು ಹೆಚ್ಚಾದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಪಾರ್ಟನ್ನೇ ಪಾಲು ಮಾಡುತ್ತಾರೆ. ನೋಡೋರಿಗೆ ಪುಕ್ಕಟೆ, ಬೆಳಗಿನ ತನಕ.

ನನ್ನ ಚಿಕ್ಕಪ್ಪ ನಮ್ಮ ಕೇರಿಯ ‘ಸತ್ಯ ಹರಿಶ್ಚಂದ್ರ’ದಲ್ಲಿ ವೀರಬಾಹು ಮಾಡಿದವನು. ಹರಿಶ್ಚಂದ್ರನ ಪಾರ್ಟಿಗೆ ಮೂವರು ನಿಂತಿದ್ದರಂತೆ. ರಾಜನನ್ನು ಕೊಂಡುಕೊಳ್ಳುವ ಸುಡುಗಾಡಿನ ಒಡೆಯ ವೀರಬಾಹುವಿನ ಪಾರ್ಟಿಗೆ ನಮ್ಮ ಕೇರಿಯಲ್ಲೇ ಒಬ್ಬರೂ ಇಲ್ಲ! ಆಡುವವರು ನಾವೇ, ನೋಡುವವರೂ ನಾವೇ. ಆದರೂ ಎಲ್ಲರಿಗೂ ಕಿರೀಟದ ಮೇಲೆ ಕಣ್ಣು. ಬ್ರಾಹ್ಮಣಶಾಹಿ ಬೇರೆಯವರ ಮನೆಯಲ್ಲಿ ಮಾತ್ರ ಇರುತ್ತದೆ ಎಂದು ನಂಬಿದವರಿಗೆ ಈ ಪಾರ್ಟಿನ ರೇಟು ಒಳ್ಳೆಯ ಪಾಠ. ಕಾಸಿಲ್ಲದ ಚಿಕ್ಕಪ್ಪ ಕಡಿಮೆ ರೇಟಿನ ವೀರಬಾಹು ಆದ. ಆದವನು ಆ ರಾತ್ರಿ ರಂಗದ ಮೇಲೆ ಎಂಥ ನಗು ನಕ್ಕನೆಂದರೆ ಜನ ‘ಒನ್ಸ್ ಮೋರ್’ ಎಂದು ಕೂಗಿ ಎರಡು ಸಲ ನಗಿಸಿದರು.

ಈಚೆಗೆ ಸಿಟಿಯಲ್ಲಿ ಹರಿಶ್ಚಂದ್ರನ ಕತೆಯನ್ನೇ ಹೊಸದಾಗಿ ಕಟ್ಟಿದ ನಾಟಕವೊಂದು ಆ ಸೀಸನ್ನಿನ ಮೊದಲ ನಾಟಕವಾಗಿ ಬಂತು. ಚಿಕ್ಕಪ್ಪನಿಗೆ ತೋರಿಸಬೇಕು ಅನ್ನಿಸಿತು. ಟಿಕೆಟ್ಟು ಮೊಬೈಲಿನಲ್ಲೇ ಬುಕ್ ಆಗಬೇಕು. ಪರದೆಯ ಮೇಲೆ ಸೀಟುಗಳ ನಕ್ಷೆ, ಚೌಕ ಚೌಕ. ತುಂಬಿದ್ದಕ್ಕೆ ಒಂದು ಬಣ್ಣ, ಖಾಲಿ ಇದ್ದದ್ದಕ್ಕೆ ಒಂದು. ಮುಂದಿನ ಸಾಲು ಮುಟ್ಟಿದರೂ ತೆರೆಯುವುದಿಲ್ಲ, ಅದು ಆಹ್ವಾನಿತರಿಗೆ. ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪ ದರ ಕೇಳಿ ದಂಗಾದ.

‘ಅಲ್ಲ ಕನ್ ಮಗ, ನಮ್ಕಡೆ ಪಾರ್ಟ್ ಮಾಡೋನು ದುಡ್ ಕೊಡ್ತಾನೆ. ಇಲ್ಲಿ ನೋಡೋನು ಕೊಡ್ಬೇಕಾ?’

‘ಹೂ ಚಿಕ್ಕಪ್ಪ, ಇಲ್ಲಿ ಹಂಗೇಯ.’

‘ಹಂಗಾರೆ ನೋಡೋನೇ ಯಜಮಾನ ಅನ್ನು.’

ನೋಡುವವನು ಯಜಮಾನನೋ ಅಲ್ಲವೋ ಅನ್ನುವುದು ಆ ಸಂಜೆ ತಿಳಿಯಿತು. ವೀರಬಾಹು ರಂಗಕ್ಕೆ ಬರುತ್ತಿದ್ದಂತೆ ಚಿಕ್ಕಪ್ಪ ತಡೆಯಲಾರದೆ ‘ಒನ್ಸ್ ಮೋರ್!’ ಅಂದುಬಿಟ್ಟ. ನಾಲ್ಕು ಸಾಲು ಒಟ್ಟಿಗೆ ತಿರುಗಿ ನೋಡಿತು. ಒಬ್ಬರು ತುಟಿಯ ಮೇಲೆ ಬೆರಳಿಟ್ಟರು. ಮುಂದಿನ ಒಂದು ಗಂಟೆ ಆತ ಉಸಿರು ಬಿಗಿಹಿಡಿದು ಕೂತ. ಯಾರೂ ಜಾತಿ ಕೇಳಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ. ಕಂಪನಿ ನಾಟಕದಲ್ಲಿ ನೆಲದವರ ಕೂಗಿಗೆ ಹಾಡು ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ನೆಲದ ಟಿಕೆಟ್ಟಿಗೆ ಅಷ್ಟು ಅಧಿಕಾರ ಇತ್ತು. ಆಧುನಿಕ ರಂಗಭೂಮಿ ನೆಲವನ್ನು ತೆಗೆದು ಎಲ್ಲರಿಗೂ ಕುರ್ಚಿ ಕೊಟ್ಟಿತು, ಜೊತೆಗೆ ಎಲ್ಲರ ಬಾಯಿಯನ್ನೂ ಕಟ್ಟಿತು. ನಟರ ಮಾತು ಕೇಳಬೇಕಾದರೆ ಮೌನ ಬೇಕು, ಒಪ್ಪುತ್ತೇನೆ. ಆದರೆ ಒಂದು ವರ್ಗದ ಮೌನವನ್ನು ‘ಸಂಸ್ಕಾರ’ ಎಂದು, ಇನ್ನೊಂದು ಸಮುದಾಯದ ಕೂಗನ್ನು ‘ಅಭಿರುಚಿಯಿಲ್ಲದ್ದು’ ಎಂದು ಕರೆಯುವ ಹುನ್ನಾರವನ್ನು ಒಪ್ಪಲಾಗದು.

ಇಲ್ಲಿ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ ನೆನಪಾಗುತ್ತದೆ. ಅದರಲ್ಲಿ ಅನಾಮಿಕ ಹೊಲತಿಯರು ಬಂದು ರಾಜನೆದುರು ಹಾಡುತ್ತಾರೆ. ಆತ ಮೆಚ್ಚುತ್ತಾನೆ, ಉಡುಗೊರೆ ಕೊಡುತ್ತಾನೆ. ಅವರು ಬೆಳ್ಗೊಡೆ ಕೇಳುತ್ತಾರೆ, ಕೊಡುವುದಿಲ್ಲ. ನಮ್ಮನ್ನು ಮದುವೆಯಾಗು ಅನ್ನುತ್ತಾರೆ, ಕೆರಳುತ್ತಾನೆ. ಆಗ ಅವರು ಹಾಕುವ ಪ್ರಶ್ನೆ ನಮ್ಮ ಇಡೀ ರಂಗಭೂಮಿಗೆ ಹಾಕಿದ ಪ್ರಶ್ನೆಯಂತಿದೆ. ನಮ್ಮ ಹಾಡು ಕೇಳಿದ ಕಿವಿಗೆ ಮೈಲಿಗೆಯಿಲ್ಲ, ರೂಪು ನೋಡಿದ ಕಣ್ಣಿಗೆ ಮೈಲಿಗೆಯಿಲ್ಲ, ನಮ್ಮೊಡನೆ ಮಾತಾಡಿದ ಬಾಯಿಗಿಲ್ಲ. ಮುಟ್ಟಿದ ಮೈಗೆ ಮಾತ್ರ ಹೇಗೆ ಬಂತು ಎಂಬ ಅರ್ಥದ ಮಾತು ಅದು.

ನಮ್ಮ ಪ್ರಜ್ಞಾವಂತ ಪ್ರೇಕ್ಷಕವರ್ಗ ಕಣ್ಣು ಕಿವಿಗಳನ್ನು ಕೊಡುವುದರಲ್ಲಿ ಉದಾರಿ. ದೇವನೂರರ ‘ಒಡಲಾಳ’ವನ್ನು ಸಿಜಿಕೆ ರಂಗಕ್ಕೆ ತಂದಾಗ ಉಮಾಶ್ರೀಯವರ ಸಾಕವ್ವನನ್ನು ಮನಸಾರೆ ಮೆಚ್ಚಿದ ವರ್ಗ ಇದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 2010ರಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಮೈಸೂರಿನ ರಂಗಾಯಣದಲ್ಲಿ, ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲಿ ರಾತ್ರಿಯಿಡೀ ನಡೆದಾಗ ಹೊದಿಕೆ ಹೊತ್ತು ಹೋಗಿ ಗುತ್ತಿ, ತಿಮ್ಮಿಯರ ಜೊತೆ ಬೆಳಗು ಮಾಡಿದ ವರ್ಗ. ಇವು ದೊಡ್ಡ ಕೆಲಸಗಳು, ಇವುಗಳ ಬಗ್ಗೆ ನನಗೆ ಗೌರವವಿದೆ. ನನ್ನ ಪ್ರಶ್ನೆ ನಾಟಕದ ಮೇಲಲ್ಲ, ಸಭಾಂಗಣದ ಮೇಲೆ. ರಂಗದ ಮೇಲಿನ ಸಾಕವ್ವನಿಗೆ ಚಪ್ಪಾಳೆ ತಟ್ಟುವಾಗ ಪಕ್ಕದ ಸೀಟಿನಲ್ಲಿ ಸಾಕವ್ವ ಕೂತಿದ್ದಳೆ? ಕೂತಿದ್ದರೆ, ‘ಹೆಂಗಿತ್ತವ್ವ?’ ಅಂತ ಯಾರಾದರೂ ಕೇಳಿದರೆ?

ಅವಳು ಯಾಕೆ ಬರುವುದಿಲ್ಲ ಅನ್ನುವುದಕ್ಕೆ ದೊಡ್ಡ ಸಿದ್ಧಾಂತ ಬೇಡ. ನಾಟಕ ಸಂಜೆ ಏಳೂವರೆಗೆ, ಮುಗಿಯುವುದು ಒಂಬತ್ತೂವರೆಗೆ, ಊರಿನ ಕಡೇ ಬಸ್ಸು ಅಷ್ಟರೊಳಗೆ ಹೋಗಿರುತ್ತದೆ. ಬೆಂಗಳೂರಿನಲ್ಲಿ 2004ರಲ್ಲಿ ತೆರೆದ ರಂಗಶಂಕರ ವೇಳೆ ಮೀರಿ ಬಂದವರನ್ನು ಒಳಗೆ ಬಿಡದ ಶಿಸ್ತಿಗೆ ಹೆಸರಾಗಿದೆ. ದೊಡ್ಡ ಮನುಷ್ಯರಿಗೂ ಅದೇ ನಿಯಮ ಎಂಬುದರಲ್ಲಿ ಒಂದು ಸಮಾನತೆ ಇದೆ, ಅದನ್ನು ಹಗುರಾಗಿ ಕಾಣಬಾರದು. ಆದರೆ ಹೊತ್ತಿಗೆ ಸರಿಯಾಗಿ ಕೆಲಸ ಬಿಡುವ ಸ್ವಾತಂತ್ರ್ಯ ಎಲ್ಲರಿಗೂ ಸಮನಾಗಿಲ್ಲ. ಎರಡು ಬಸ್ಸು ಬದಲಾಯಿಸಿ ಬರುವ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಟಿಕೆಟ್ಟಿನ ದರವೆಂದರೆ ಅದರ ಮೇಲೆ ಅಚ್ಚಾದ ಅಂಕಿಯಷ್ಟೇ ಅಲ್ಲ. ಬಸ್ಸಿನ ಕಾಸು, ಬಿಟ್ಟ ಓಟಿ, ರಾತ್ರಿ ಮನೆ ಸೇರುವ ಭಯ ಎಲ್ಲವೂ ಅದರೊಳಗೆ ಸೇರಿದೆ.

‘ಹಾಗಾದ್ರೆ ಪಾಸ್ ಕೊಡ್ತೀವಿ ಬಿಡಿ’ ಎಂಬ ಉತ್ತರ ತಕ್ಷಣ ಬರುತ್ತದೆ. ಸಭಾಂಗಣ ತುಂಬದಿದ್ದಾಗ ಹಾಸ್ಟೆಲಿನ ಹುಡುಗರನ್ನು ಕರೆಸಿ ಹಿಂದಿನ ಸಾಲುಗಳಲ್ಲಿ ಕೂರಿಸುವುದನ್ನು ನಾನು ಕಂಡಿದ್ದೇನೆ, ಹಾಗೆ ಕೂತವರಲ್ಲಿ ಒಬ್ಬನೂ ಆಗಿದ್ದೇನೆ. ಪುಕ್ಕಟೆ ಬಂದವನು ಚಪ್ಪಾಳೆ ತಟ್ಟಬಹುದು, ಬೈಯುವಂತಿಲ್ಲ. ಟಿಕೆಟ್ಟು ಕೊಂಡವನಿಗೆ ‘ನಾಟಕ ಸರಿಯಿಲ್ಲ’ ಅನ್ನುವ ಹಕ್ಕಿದೆ. ನನಗೆ ಆ ಹಕ್ಕು ಬೇಕು. ತಂಡಗಳೂ ಟಿಕೆಟ್ಟಿನಿಂದಲೇ ಬದುಕಬೇಕು. ನಟರು, ದೀಪ ಕಟ್ಟುವವರು, ಸೆಟ್ಟು ಹೊರುವವರು ನಮ್ಮಂಥ ಮನೆಗಳಿಂದಲೇ ಬಂದಿದ್ದಾರೆ. ಆದ್ದರಿಂದ ಟಿಕೆಟ್ಟು ಬೇಡವೆಂದು ನಾನು ಹೇಳುವುದಿಲ್ಲ. ನೆಲದ ಟಿಕೆಟ್ಟನ್ನು ಅದಕ್ಕಿದ್ದ ಬಾಯಿಯ ಸಮೇತ ವಾಪಸು ಕೊಡಿ ಎನ್ನುತ್ತೇನೆ.

ಹಾಗೆಂದು ನೆಲದವರನ್ನು ಹೊತ್ತು ಮೆರೆಸುವ ಕೆಲಸವೂ ಬೇಡ. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ನೋಡಿ. ಜನವರಿಯ ಹೊತ್ತಿಗೆ ನಾಟಕ ಕಂಪನಿಗಳು ಅಲ್ಲಿ ಸಾಲಾಗಿ ಟೆಂಟು ಹಾಕುತ್ತವೆ. ಹೊಲದ ಕೆಲಸ ಮುಗಿಸಿದ ಹೆಣ್ಣು ಗಂಡು ಕಿಂಡಿಗೆ ಮುಗಿಬಿದ್ದು ಟಿಕೆಟ್ಟು ಕೊಳ್ಳುತ್ತಾರೆ, ಕೂಗುತ್ತಾರೆ, ಶಿಳ್ಳೆ ಹಾಕುತ್ತಾರೆ. ಅದೂ ಒಂದು ಸೀಸನ್ನೇ, ನಮ್ಮ ರಂಗವಿಮರ್ಶೆಯ ಪಂಚಾಂಗದಲ್ಲಿ ಅದಕ್ಕೆ ಜಾಗವಿಲ್ಲ, ಅಷ್ಟೇ. ಆದರೆ ಅಲ್ಲಿನ ದ್ವಂದ್ವಾರ್ಥದ ಮಾತುಗಳ ಗುರಿ ಬಹಳ ಸಲ ಹೆಣ್ಣೇ, ಬಡವನೇ. ಅದಕ್ಕೂ ಶಿಳ್ಳೆ ಬೀಳುತ್ತದೆ. ಶಿಳ್ಳೆಯನ್ನೂ ವಿಮರ್ಶೆ ಮಾಡಬೇಕು. ವೀರಬಾಹು ಪಾರ್ಟಿಗೆ ಯಾರೂ ಬಾರದ ನಮ್ಮ ಕೇರಿಯನ್ನೂ ಮಾಡಬೇಕು. ನಮ್ಮವರ ಪ್ರತಿಕ್ರಿಯೆ ನಮ್ಮದು ಎಂಬ ಕಾರಣಕ್ಕೇ ಸರಿಯಾಗಿಬಿಡುವುದಿಲ್ಲ. ಆದರೆ ಅದನ್ನು ಕೇಳಿಸಿಕೊಂಡ ಮೇಲೆ ತಾನೆ ಸರಿ ತಪ್ಪಿನ ಮಾತು?

ಆ ರಾತ್ರಿ ಬಸ್‌ಸ್ಟಾಂಡಿನಲ್ಲಿ ಚಿಕ್ಕಪ್ಪನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ನಾಟ್ಕ ಚೆಂದಾಗಿತ್ತು ಕನ್ ಮಗ. ಆದ್ರೆ ಆ ವೀರಬಾಹು ಯಾಕೆ ಅಳ್ತಾನೇ ಇದ್ದ? ರಾಜುನ್ನೇ ಕೊಂಡ್ಕೊಂಡೋನು ಕನಪ್ಪ ಅವ್ನು. ನಗ್ಬೇಕಲ್ವ?’

ನಾಟಕದ ಬಗ್ಗೆ ಆ ವಾರ ಬಂದ ವಿಮರ್ಶೆಗಳನ್ನು ಓದಿದೆ. ವೀರಬಾಹುವಿನ ಪಾತ್ರವನ್ನು ‘ಶೋಷಿತರ ನೋವಿನ ಹೃದಯಸ್ಪರ್ಶಿ ಚಿತ್ರಣ’ ಎಂಬ ಅರ್ಥದಲ್ಲಿ ಎಲ್ಲರೂ ಹೊಗಳಿದ್ದರು. ನಿರ್ದೇಶಕರು ಪ್ರಾಮಾಣಿಕವಾಗಿಯೇ ನಮ್ಮ ನೋವನ್ನು ತೋರಿಸಲು ಹೊರಟು, ಕತೆಯಲ್ಲಿ ನಮಗಿದ್ದ ಒಂದೇ ಒಂದು ಯಜಮಾನಿಕೆಯ ಗಳಿಗೆಯನ್ನು ಕಿತ್ತುಕೊಂಡಿದ್ದರು. ಅದು ಕ್ಯಾಂಟೀನಿನ ಕಟ್ಟೆಯ ಮೇಲಿದ್ದವರಿಗೆ ಕಾಣಲಿಲ್ಲ. ಕಡಿಮೆ ರೇಟಿನ ಪಾರ್ಟು ಮಾಡಿದ್ದವನಿಗೆ ಕಂಡಿತು. ಆತನ ಮಾತು ಯಾವ ಪತ್ರಿಕೆಯಲ್ಲೂ ಬರಲಿಲ್ಲ, ಬಂದಿದ್ದರೆ ಆ ತಂಡ ಮುಂದಿನ ಪ್ರದರ್ಶನಕ್ಕೆ ಮೊದಲು ಒಮ್ಮೆ ಯೋಚಿಸುತ್ತಿತ್ತೇನೋ.

ಹಾಗಾಗಿ ಈ ಸೀಸನ್ನಿನಲ್ಲಿ ನಮ್ಮ ಸಂಘಟನೆಗಳ ಗೆಳೆಯರು, ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಇಷ್ಟು. ಒಂದು ಟಿಕೆಟ್ಟು ನಿಮಗೆ, ಒಂದು ನಿಮ್ಮ ಮನೆಯ ಹಿರಿಯರೊಬ್ಬರಿಗೆ, ಕಾಸು ಕೊಟ್ಟೇ ಕೊಳ್ಳಿ. ಮುಗಿದ ಮೇಲೆ ಅವರು ಆಡಿದ ಮಾತನ್ನು ಅವರ ಮಾತಿನಲ್ಲೇ ಬರೆದು ಇಂಥ ಪತ್ರಿಕೆಗಳಿಗೆ ಕಳಿಸಿ. ಊರಿಗೆ ತಿರುಗಾಟದ ನಾಟಕ ಕರೆಸುವ ಸಮಿತಿಗಳಲ್ಲಿ ನಮ್ಮವರು ಕೂತು ಎರಡೇ ವಿಷಯ ಕೇಳಲಿ: ಪ್ರದರ್ಶನ ಕಡೇ ಬಸ್ಸಿಗೆ ಮುಂಚೆ ಮುಗಿಯುತ್ತದೆಯೆ? ಮುಂದಿನ ಸಾಲನ್ನು ಯಾರಿಗೆ ಕಾದಿರಿಸಿದ್ದೀರಿ? ಮುಂದಿನ ಸಲ ಚಿಕ್ಕಪ್ಪನ ಜೊತೆ ಚಿಕ್ಕಮ್ಮನೂ ಬರುತ್ತೇನೆ ಅಂದಿದ್ದಾಳೆ. ಮೂರು ಟಿಕೆಟ್ಟು ಬುಕ್ ಮಾಡಬೇಕು.