ಹಿಡಿದ ಬಂದೂಕು ಎಲ್ಲಿಗೆ ಹೋಯ್ತು?

‘ಲಾರ್ಡ್ ಆಫ್ ವಾರ್’ ಸಿನಿಮಾವನ್ನು ಪೂರ್ತಿ ನೋಡದವರೂ ಅದರ ಮೊದಲ ಸೀನನ್ನು ಯೂಟ್ಯೂಬಿನಲ್ಲಿ ನೋಡಿರ್ತಾರೆ. ಕ್ಯಾಮೆರಾ ಒಂದು ಗುಂಡಿನ ಬೆನ್ನೇರಿ ಕೂತಿರುತ್ತೆ. ಕಾರ್ಖಾನೆಯಲ್ಲಿ ಹುಟ್ಟಿದ ಗುಂಡು ಪೆಟ್ಟಿಗೆ ಸೇರಿ, ಹಡಗು ಹತ್ತಿ, ಕೈಯಿಂದ ಕೈಗೆ ದಾಟಿ, ಆಫ್ರಿಕಾದ ಯಾವುದೋ ಬೀದಿಯಲ್ಲಿ ಬಂದೂಕಿನೊಳಗೆ ಹೋಗಿ ಕೂರುತ್ತೆ. ಆಮೇಲೆ ಒಬ್ಬ ಹುಡುಗನ ಹಣೆಗೆ ನಾಟುತ್ತೆ. ಒಂದು ಮಾತಿಲ್ಲ, ಒಂದು ಹಾಡು ಮಾತ್ರ. ಶಸ್ತ್ರಾಸ್ತ್ರ ವ್ಯಾಪಾರದ ಬಗ್ಗೆ ನೂರು ಪುಟದ ವರದಿ ಹೇಳಲಾಗದ್ದನ್ನು ಅದು ಹೇಳಿಬಿಡುತ್ತೆ.

2005ರಲ್ಲಿ ಬಂದ ಆಂಡ್ರೂ ನಿಕೋಲ್ ನಿರ್ದೇಶನದ ಈ ಸಿನಿಮಾವನ್ನು ನಾನು ಇತ್ತೀಚೆಗೆ ಮತ್ತೆ ನೋಡಿದೆ. ಹಳೆಯದಾಗಿಲ್ಲ. ನಿಕೋಲಸ್ ಕೇಜ್ ಮಾಡಿರುವ ಯೂರಿ ಓರ್ಲೋವ್ ಎಂಬ ದಳ್ಳಾಳಿ ಈಗಲೂ ನಗಿಸ್ತಾನೆ, ನಕ್ಕಿದ್ದಕ್ಕೆ ನಮಗೇ ನಾಚಿಕೆಯಾಗೋ ಹಾಗೂ ಮಾಡ್ತಾನೆ. ಚಿತ್ರೀಕರಣಕ್ಕೆ ನಕಲಿ ಬಂದೂಕಿಗಿಂತ ಅಸಲಿ ರೈಫಲ್ಲೇ ಅಗ್ಗವಾಗಿದ್ದರಿಂದ ಸುಮಾರು 3,000 ಅಸಲಿ ರೈಫಲ್ ತರಿಸಿದ್ದಾಗಿ ನಿಕೋಲ್ ಹೇಳಿಕೊಂಡಿದ್ದಾರೆ. ಇದು ಸಿನಿಮಾಕ್ಕಿಂತ ದೊಡ್ಡ ವಿಮರ್ಶೆ. ಆದ್ರೆ ಈ ಸಲ ನನಗೆ ಒಂದು ಕೊರತೆ ಕಾಣಿಸ್ತು. ಈ ಸಿನಿಮಾದಲ್ಲಿ ಆಯುಧದ ಪಾಡು ಎರಡೇ ತರ: ಗಿರಾಕಿಗೆ ತಲುಪಬೇಕು, ಇಲ್ಲಾ ದಾರಿಯಲ್ಲಿ ಸಿಕ್ಕಿಬೀಳಬೇಕು. ಸಿಕ್ಕಿಬಿದ್ದರೆ ಒಳ್ಳೆಯವರು ಗೆದ್ದ ಹಾಗೆ. ಸಿಕ್ಕಿಬಿದ್ದ ಆಯುಧ ಆಮೇಲೆ ಎಲ್ಲಿಗೆ ಹೋಗುತ್ತೆ ಅನ್ನೋ ಪ್ರಶ್ನೆ ಹುಟ್ಟೋದೇ ಇಲ್ಲ.

ಸಮುದ್ರದ ಸೀನನ್ನೇ ನೋಡಿ. ಯೂರಿಯ ಹಡಗಿನ ಸುಳಿವು ಇಂಟರ್‌ಪೋಲಿಗೆ ಸಿಕ್ಕಿದೆ. ಅವರು ಬರುವಷ್ಟರಲ್ಲಿ ಹಡಗಿನ ಹೆಸರು ಅಳಿಸಿ ಬೇರೆ ಹೆಸರು ಬರೀಬೇಕು, ಬಾವುಟ ಬದಲಿಸಬೇಕು. ಬೇಕಾದ ಡಚ್ ಬಾವುಟ ಹತ್ತಿರ ಇಲ್ಲ. ಫ್ರೆಂಚ್ ಬಾವುಟವನ್ನೇ ಅಡ್ಡ ತಿರುಗಿಸಿ ಕಟ್ಟಿಸ್ತಾನೆ, ಅದು ಡಚ್ ಬಾವುಟ ಆಗುತ್ತೆ. ಥಿಯೇಟರಿನಲ್ಲಿ ಚಪ್ಪಾಳೆ ಗಿಟ್ಟಿಸುವ ಜಾಗ. ಇಂಟರ್‌ಪೋಲಿಗೆ ಸಮುದ್ರದಲ್ಲಿ ಬೆನ್ನಟ್ಟಿ ಬಂಧಿಸುವ ಸ್ವಂತ ಪಡೆಯೇ ಇಲ್ಲ ಅನ್ನೋದನ್ನು ಬಿಡೋಣ, ಸಿನಿಮಾಕ್ಕೆ ಅಷ್ಟು ಸ್ವಾತಂತ್ರ್ಯ ಕೊಡಬಹುದು. ಮಜಾ ಏನಪ್ಪಾ ಅಂದ್ರೆ, ನಿರ್ದೇಶಕ ತಮಾಷೆಗೆ ಇಟ್ಟ ಬಾವುಟದಲ್ಲೇ ಕಾನೂನಿನ ಕೀಲಿಕೈ ಇದೆ. ನಡುಸಮುದ್ರದಲ್ಲಿ ಬೇರೆ ದೇಶದ ಹಡಗನ್ನು ಸುಮ್ಮಸುಮ್ಮನೆ ಹತ್ತಿ ತಪಾಸಣೆ ಮಾಡೋ ಹಾಗಿಲ್ಲ. ಆದರೆ ಆ ಹಡಗು ಯಾವ ದೇಶಕ್ಕೂ ಸೇರಿಲ್ಲ ಅನ್ನೋ ಅನುಮಾನಕ್ಕೆ ಕಾರಣ ಇದ್ದರೆ ಯುದ್ಧನೌಕೆಯವರು ಹತ್ತಬಹುದು. ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 110ನೇ ವಿಧಿ ಹೇಳೋದು ಇದನ್ನೇ. (ಆ ಒಪ್ಪಂದವನ್ನು ಅಮೆರಿಕ ಇನ್ನೂ ಅನುಮೋದಿಸಿಲ್ಲ. ಆದರೂ ಈ ನಿಯಮವನ್ನು ಎಲ್ಲರಿಗಿಂತ ಹೆಚ್ಚು ಬಳಸಿಕೊಳ್ಳೋರು ಅವರೇ.)

ಯೂರಿ ಬಾವುಟ ಕಟ್ಟಿ ಬಚಾವಾದ. ಅರಬ್ಬಿ ಸಮುದ್ರದ ನಿಜವಾದ ಸಾಗಣೆದಾರರು ಬಾವುಟ ಇಲ್ಲದೆ ಸಿಕ್ಕಿಬೀಳ್ತಾರೆ. ಇವರು ಓಡಿಸೋದು ಧೋ ಅನ್ನೋ ಹಡಗು. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊತ್ತು ಹೋಗುವ ಮಂಜಿಗಳನ್ನು ನೋಡಿದ್ದರೆ ಅದರ ಅಂದಾಜು ಸಿಗುತ್ತೆ. ಮೇಲೆ ಮೀನಿನ ಬಲೆ, ಕೆಳಗೆ ಸರಕು. 2016ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ‘ಡಾರ್ವಿನ್’ ನೌಕೆ ಒಮಾನ್ ತೀರದಾಚೆ ಇಂಥದ್ದೊಂದು ದೋಣಿಯಲ್ಲಿ, ಬಲೆಗಳ ಅಡಿಯಲ್ಲಿ, 1,989 ಎಕೆ-47 ಮಾದರಿಯ ರೈಫಲ್‌ಗಳನ್ನು ಹಿಡಿಯಿತು. ಮುಂದಿನ ತಿಂಗಳು ಫ್ರೆಂಚ್ ನೌಕೆಯೊಂದು, ಆಮೇಲೆ ಅಮೆರಿಕದ ನೌಕೆಯೊಂದು ಇದೇ ತರಹದ ಸರಕು ಹಿಡಿದವು. ಪ್ರತಿ ಸಲವೂ ಅದೇ ಫೋಟೋ: ನೌಕೆಯ ಡೆಕ್ ಮೇಲೆ ಸಾಲುಸಾಲಾಗಿ ಜೋಡಿಸಿಟ್ಟ ಬಂದೂಕುಗಳು, ಸಂತೆಯಲ್ಲಿ ಕಬ್ಬಿಣದ ಸಾಮಾನು ಹರಡಿದ ಹಾಗೆ. ಸುದ್ದಿ ಅಲ್ಲಿಗೆ ಮುಗಿಯುತ್ತೆ. ನಾವೂ ಅಷ್ಟನ್ನೇ ಓದಿ ಮುಂದಕ್ಕೆ ಸ್ಕ್ರಾಲ್ ಮಾಡ್ತೀವಿ.

ಆ ಫೋಟೋದ ಮರುದಿನದಿಂದ ಶುರುವಾಗುವ ಕಥೆಗೆ ‘ಮರ್ವಾನ್ 1’ ಒಳ್ಳೆಯ ಉದಾಹರಣೆ. ಯಾವ ದೇಶಕ್ಕೂ ಸೇರದ ಈ ಧೋವನ್ನು ಅಮೆರಿಕದ ನೌಕಾಪಡೆ 2022ರ ಡಿಸೆಂಬರ್ 9ರಂದು ಹಿಡಿಯಿತು. ಒಳಗಿದ್ದದ್ದು 7.62 ಮಿ.ಮೀ. ಅಳತೆಯ 11 ಲಕ್ಷ ಗುಂಡುಗಳು. ಇರಾನಿನ ರೆವಲ್ಯೂಷನರಿ ಗಾರ್ಡ್ ಪಡೆ ಅವನ್ನು ಯೆಮೆನ್‌ನ ಹೂತಿಗಳಿಗೆ ಕಳಿಸ್ತಿತ್ತು ಅನ್ನೋದು ಅಮೆರಿಕದ ಮಾತು. ಹೂತಿಗಳಿಗೆ ಆಯುಧ ಕೊಡ್ತಿಲ್ಲ ಅನ್ನೋದು ಇರಾನಿನ ಎಂದಿನ ಮಾತು. ಅಮೆರಿಕದ ನ್ಯಾಯ ಇಲಾಖೆ ಮುಟ್ಟುಗೋಲಿಗೆ ಸಿವಿಲ್ ದಾವೆ ಹೂಡಿತು. 2023ರ ಜುಲೈ 20ಕ್ಕೆ ಗುಂಡುಗಳ ಒಡೆತನ ಅಮೆರಿಕ ಸರ್ಕಾರಕ್ಕೆ ಬಂತು. ಅಕ್ಟೋಬರ್ 2ಕ್ಕೆ ಅಷ್ಟೂ ಯುಕ್ರೇನ್ ಸೇನೆಗೆ ಹೋಯ್ತು. ಮುಂದಿನ ವರ್ಷ ಏಪ್ರಿಲ್ 4ಕ್ಕೆ ಎರಡನೇ ಕಂತು: ನಾಲ್ಕು ಹಡಗುಗಳಿಂದ ಹಿಡಿದ 5,000ಕ್ಕೂ ಹೆಚ್ಚು ಎಕೆ-47, ಮಷಿನ್ ಗನ್, ಸ್ನೈಪರ್ ರೈಫಲ್, ಆರ್‌ಪಿಜಿ, ಜೊತೆಗೆ 5 ಲಕ್ಷ ಗುಂಡು. ಒಂದು ಬ್ರಿಗೇಡಿಗೆ ಸಾಕಾಗುವಷ್ಟು ಅಂತ ಅಮೆರಿಕವೇ ಹೇಳಿತು.

ಅಂದ್ರೆ ‘ಲಾರ್ಡ್ ಆಫ್ ವಾರ್’ನ ಗುಂಡು ನಡುದಾರಿಯಲ್ಲಿ ಸಿಕ್ಕಿಬಿತ್ತು, ಕೋರ್ಟಿಗೆ ಹೋಯ್ತು, ಹೊಸ ಯಜಮಾನನನ್ನು ಪಡೆಯಿತು, ಮತ್ತೆ ಪ್ರಯಾಣ ಮುಂದುವರಿಸಿತು. ಹಣೆ ಮಾತ್ರ ಬೇರೆ.

ಇದಕ್ಕೆ ಕಾನೂನಿನಲ್ಲಿ ಏನು ಹೇಳಿದೆ ಅಂತ ಹುಡುಕಿದೆ. ಯೆಮೆನ್ ಬಗ್ಗೆ ಭದ್ರತಾ ಮಂಡಳಿ 2015ರ ಏಪ್ರಿಲ್‌ನಲ್ಲಿ ಅಂಗೀಕರಿಸಿದ 2216ನೇ ನಿರ್ಣಯವೇ ಇಲ್ಲಿ ಮೂಲ. 14 ದೇಶ ಪರ, ರಷ್ಯಾ ತಟಸ್ಥ. ಹೂತಿಗಳಿಗೆ ಹೋಗುವ ಆಯುಧ ಸಿಕ್ಕರೆ ಅದನ್ನು ವಶಪಡಿಸಿಕೊಂಡು ವಿಲೇವಾರಿ ಮಾಡಬೇಕು ಅಂತ ಅದು ಹೇಳುತ್ತೆ. ವಿಲೇವಾರಿ ಹೇಗೆ ಅನ್ನೋದಕ್ಕೂ ಉದಾಹರಣೆ ಕೊಡುತ್ತೆ: ನಾಶ ಮಾಡಬಹುದು, ಕೆಲಸಕ್ಕೆ ಬಾರದ ಹಾಗೆ ಮಾಡಬಹುದು, ದಾಸ್ತಾನು ಇಡಬಹುದು, ಇಲ್ಲವೇ ಕಳಿಸಿದ ದೇಶವೂ ತಲುಪಬೇಕಿದ್ದ ದೇಶವೂ ಅಲ್ಲದ ಮೂರನೇ ದೇಶಕ್ಕೆ ವಿಲೇವಾರಿಗಾಗಿ ಕೊಡಬಹುದು.

ಈ ಕೊನೆಯ ಮಾತಿನ ಮೇಲೆಯೇ ಯುಕ್ರೇನ್ ವ್ಯವಹಾರ ನಿಂತಿರೋದು. ಯುಕ್ರೇನ್ ಮೂರನೇ ದೇಶ ಹೌದು. ಆದರೆ ಕೊಟ್ಟಿದ್ದು ‘ವಿಲೇವಾರಿಗಾಗಿ’ನಾ? ಗುಂಡನ್ನು ಹಾರಿಸಿದರೆ ಅದೂ ಖಾಲಿಯಾಗುತ್ತೆ, ಹಾಗಾಗಿ ಅದೂ ವಿಲೇವಾರಿ ಅಂತ ವಾದ ಮಾಡಬಹುದು. ಒಳ್ಳೆ ವಕೀಲರಿದ್ದರೆ ಗೆಲ್ಲಲೂಬಹುದು. ಬೆಂಗಳೂರಿನವರಿಗೆ ಈ ಪದದ ಮಹಿಮೆ ಬಿಡಿಸಿ ಹೇಳಬೇಕಿಲ್ಲ. ಕಸ ವಿಲೇವಾರಿ ಅಂದ್ರೆ ನಮ್ಮ ಬೀದಿಯ ಕಸ ಲಾರಿ ಹತ್ತಿ ಮಂಡೂರಿಗೆ ಹೋಗೋದು ಅಂತ ಎಷ್ಟು ವರ್ಷ ನಂಬಿಕೊಂಡಿದ್ವಿ, 2014ರಲ್ಲಿ ಮಂಡೂರಿನ ಜನ ರಸ್ತೆಗೆ ಇಳಿಯೋವರೆಗೆ. ಸರ್ಕಾರಿ ಕಚೇರಿಯಲ್ಲಿ ಕಡತ ವಿಲೇವಾರಿ ಆಯ್ತು ಅಂದ್ರೆ ಪಕ್ಕದ ಮೇಜಿಗೆ ಹೋಯ್ತು ಅಂತ. ಬಂದೂಕಿಗೂ ಇದೇ ಅರ್ಥ ಅಂಟಿಕೊಂಡಿದೆ.

ಈ ಮಾತು ಎತ್ತಿದಾಗ ಗೆಳೆಯರೊಬ್ಬರು ನನ್ನನ್ನು ಸರಿಯಾಗೇ ತರಾಟೆಗೆ ತಗೊಂಡರು. “ರಷ್ಯಾ ಇರಾನಿನ ಶಾಹೆದ್ ಡ್ರೋನ್ ತಂದು ಕೀವ್ ಮೇಲೆ ಹಾಕ್ತಿದೆ. ಅದೇ ಇರಾನಿನ ಗುಂಡು ಯುಕ್ರೇನಿಗೆ ಸಿಕ್ಕರೆ ನಿಮಗೇನ್ರೀ ತೊಂದರೆ? ಕರಗಿಸಿ ಏನು ಮಾಡ್ತೀರಾ, ಪಾತ್ರೆನಾ?” ಈ ವಾದದಲ್ಲಿ ಬಲ ಇದೆ. ಯುಕ್ರೇನ್ ದಾಳಿಗೆ ತುತ್ತಾದ ದೇಶ, ತನ್ನನ್ನು ಕಾಪಾಡಿಕೊಳ್ಳುವ ಹಕ್ಕು ಅದಕ್ಕಿದೆ. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ದಿನಗಳಲ್ಲಿ ಯುಕ್ರೇನ್ ಗೋಗರೆಯುತ್ತಿದ್ದದ್ದು ಫಿರಂಗಿಯ ಶೆಲ್ಲುಗಳಿಗೆ, ವಾಯುರಕ್ಷಣೆಯ ಕ್ಷಿಪಣಿಗಳಿಗೆ. ರೈಫಲ್ ಗುಂಡಿನಿಂದ ಆ ಯುದ್ಧದ ದಿಕ್ಕು ಬದಲಾಗೋದಿರಲಿಲ್ಲ. ತಾರೀಖುಗಳನ್ನೂ ನೋಡಿ. 2023ರ ಸೆಪ್ಟೆಂಬರ್ 30ಕ್ಕೆ ಅಮೆರಿಕದ ಸಂಸತ್ತು ಯುಕ್ರೇನಿನ ನೆರವನ್ನು ಹೊರಗಿಟ್ಟು ತಾತ್ಕಾಲಿಕ ಬಜೆಟ್ ಪಾಸು ಮಾಡಿತು, ಎರಡು ದಿನಕ್ಕೆ ಮೊದಲ ಕಂತು ಹೋಯ್ತು. ಎರಡನೇ ಕಂತು ಹೋದಾಗ ದೊಡ್ಡ ನೆರವಿನ ಮಸೂದೆ ಇನ್ನೂ ಕೆಳಮನೆಯಲ್ಲಿ ಸಿಕ್ಕಿಕೊಂಡಿತ್ತು. ಖಜಾನೆ ಬಾಗಿಲು ಮುಚ್ಚಿದಾಗ ಮುಟ್ಟುಗೋಲಿನ ಗೋದಾಮು ನೆನಪಾಗಿದೆ.

ನನ್ನ ತಕರಾರು ಇರೋದು ಇಲ್ಲೇ. ಈ ಸಲ ಪಡೆದವರು ನಮಗೆ ಒಪ್ಪಿಗೆಯಾಗುವ ಪಕ್ಷ. ಆದರೆ ಹಿಡಿದ ಆಯುಧ ಹಿಡಿದವನ ಬಂಡವಾಳ ಅಂತ ಒಂದು ಸಲ ಪದ್ಧತಿ ಆದರೆ, ಮುಂದಿನ ಸಲ ಹಿಡಿಯುವವನು ಯಾರೋ, ಅವನ ಮಿತ್ರ ಯಾರೋ. ಪೊಲೀಸರು ಹಿಡಿದ ಕಳ್ಳಭಟ್ಟಿಯನ್ನು ಚರಂಡಿಗೆ ಚೆಲ್ಲುವಾಗ ಪಂಚನಾಮೆ ಯಾಕೆ ಬರೀತಾರೆ? ಹಿಡಿದವರೇ ಅದನ್ನು ಹಂಚಿಬಿಟ್ಟರೆ ಹಿಡಿಯೋದಕ್ಕೂ ಕಸಿಯೋದಕ್ಕೂ ವ್ಯತ್ಯಾಸ ಉಳಿಯಲ್ಲ.

ಇದೇ ನೀರಿನಲ್ಲಿ ಇದು ಹೊಸದೂ ಅಲ್ಲ. ನೂರು ವರ್ಷಕ್ಕೂ ಹಿಂದೆ ಮಸ್ಕತ್ತಿನಿಂದ ಮಕ್ರಾನ್ ತೀರದ ಮೂಲಕ ಬ್ರಿಟಿಷ್ ಇಂಡಿಯಾದ ವಾಯವ್ಯ ಗಡಿಗೆ ಯುರೋಪಿನಲ್ಲೇ ತಯಾರಾದ ರೈಫಲ್‌ಗಳು ಹೋಗ್ತಿದ್ದವು. ಅದನ್ನು ತಡೆಯೋಕೆ ಬ್ರಿಟಿಷ್ ನೌಕಾಪಡೆ ಕಾವಲು ಹಾಕಿತು. 1910ರ ಡಿಸೆಂಬರ್‌ನಲ್ಲಿ ‘ಹಯಸಿಂತ್’ ನೌಕೆಯವರು ಬಂದೂಕು ಹುಡುಕಲು ದುಬೈನಲ್ಲಿ ಇಳಿದಾಗ ಕಾಳಗವಾಗಿ ಊರಿನ 37 ಜನ ಸತ್ತರು. ಆಮೇಲೆ ಬ್ರಿಟಿಷರು ದುಬೈ ಶೇಖ್‌ಗೆ ಹಾಕಿದ ದಂಡ 50,000 ರೂಪಾಯಿ, ಮತ್ತೆ ಸುಸ್ಥಿತಿಯಲ್ಲಿರುವ 400 ರೈಫಲ್. ಕೆಟ್ಟುಹೋದ ರೈಫಲ್ ನಡೆಯಲ್ಲ ಅಂತ ಷರತ್ತು! ಬಂದೂಕು ವ್ಯಾಪಾರ ನಿಲ್ಲಿಸೋಕೆ ಬಂದವರು ದಂಡವನ್ನು ಬಂದೂಕಿನಲ್ಲೇ ವಸೂಲಿ ಮಾಡಿದರು.

ಹಾಗಂತ ಹಿಡಿದ ತಕ್ಷಣ ಸಮುದ್ರಕ್ಕೆ ಎಸೆದುಬಿಡಿ ಅಂತಲೂ ನಾನು ಹೇಳಲ್ಲ. ಪ್ರತಿ ಬಂದೂಕಿನ ಮೈಮೇಲೂ ಅದರ ಜಾತಕ ಕೊರೆದಿರುತ್ತೆ. 2016ರಲ್ಲಿ ಸಿಕ್ಕ ಆ ಸರಕುಗಳನ್ನು ಕಾನ್‌ಫ್ಲಿಕ್ಟ್ ಆರ್ಮಮೆಂಟ್ ರಿಸರ್ಚ್ ಸಂಸ್ಥೆಯವರು ಪರೀಕ್ಷಿಸಿ, ಬೇರೆಬೇರೆ ಹಡಗಿನಲ್ಲಿ ಸಿಕ್ಕ ಆಯುಧಗಳ ಕ್ರಮಸಂಖ್ಯೆ, ಗುರುತುಗಳನ್ನು ಹೊಂದಿಸಿ ನೋಡಿದರು. ಇದು ಯಾರೋ ಚಿಲ್ಲರೆ ಕಳ್ಳನ ಕೆಲಸವಲ್ಲ, ಸರ್ಕಾರಿ ದಾಸ್ತಾನಿನ ಕಡೆಗೆ ಬೆರಳು ತೋರಿಸುತ್ತೆ ಅನ್ನೋ ವಾದ ಗಟ್ಟಿಯಾಗಿದ್ದು ಅಂಥ ಕೆಲಸದಿಂದ. ಡೆಕ್ ಮೇಲಿನ ಫೋಟೋದಿಂದಲ್ಲ. ಬರೆದಿಟ್ಟುಕೊಳ್ಳಬೇಕು, ಆಮೇಲೆ ಕತ್ತರಿಸಬೇಕು. ಮಾಲಿ ದೇಶದ ಟಿಂಬಕ್ಟುವಿನಲ್ಲಿ 1996ರ ಮಾರ್ಚ್ 27ರಂದು, ಬಂಡಾಯ ಮುಗಿದಾಗ, ಸುಮಾರು 3,000 ಬಂದೂಕುಗಳನ್ನು ಜನರೆದುರಿಗೇ ರಾಶಿ ಹಾಕಿ ಸುಟ್ಟರು. ಬಡ ದೇಶ, ಮಾರಿದ್ದರೆ ನಾಲ್ಕು ಕಾಸು ಸಿಗ್ತಿತ್ತು. ಮಾರಲಿಲ್ಲ.

ಮತ್ತೆ ಸಿನಿಮಾಕ್ಕೆ ಬರ್ತೀನಿ. ಅದರಲ್ಲಿ ವಿಲೇವಾರಿಯ ಸೀನು ಒಂದೇ ಒಂದು ಇದೆ, ಅದೂ ಕಳ್ಳನ ಕೈಯಲ್ಲಿ. ಯೂರಿಯ ವಿಮಾನ ಆಫ್ರಿಕಾದ ರಸ್ತೆಯ ಮೇಲೆ ಇಳಿಯುತ್ತೆ, ಅಧಿಕಾರಿ ಬರ್ತಿದ್ದಾನೆ. ಯೂರಿ ಬಾಗಿಲು ತೆಗೆದು, ದಾರಿಯಲ್ಲಿ ಹೋಗೋ ಜನಕ್ಕೆಲ್ಲ ಬಂದೂಕು, ಗ್ರೆನೇಡು ಪುಕ್ಕಟೆ ಹಂಚಿಬಿಡ್ತಾನೆ. ಅಧಿಕಾರಿ ಬಂದಾಗ ವಿಮಾನ ಖಾಲಿ, ಸಾಕ್ಷಿ ಇಲ್ಲ. ಹಂಚುವುದೇ ಸಾಕ್ಷಿ ಅಳಿಸುವ ದಾರಿ ಅಂತ ನಿಕೋಲ್ ಇಪ್ಪತ್ತು ವರ್ಷದ ಹಿಂದೆಯೇ ತೋರಿಸಿದ್ದರು. ಆದರೆ ಸರ್ಕಾರದ ಪಕ್ಷದವನನ್ನು ಮಾತ್ರ ಕೊನೇವರೆಗೂ ಶುದ್ಧಹಸ್ತನಾಗಿ ಉಳಿಸಿಬಿಟ್ಟರು. ಈಥನ್ ಹಾಕ್ ಮಾಡಿದ ಆ ಅಧಿಕಾರಿಯ ಗೋದಾಮಿನೊಳಗೆ ಕ್ಯಾಮೆರಾ ಹೋಗಲೇ ಇಲ್ಲ. ಜಗತ್ತಿನ ದೊಡ್ಡ ಶಸ್ತ್ರ ಮಾರಾಟಗಾರರು ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯರೇ ಅಂತ ಕೊನೆಯಲ್ಲಿ ತೆರೆಯ ಮೇಲೆ ಬರೆದು ತೋರಿಸುವ ಸಿನಿಮಾ, ಆ ಮಂಡಳಿಯ ಹೆಸರಿನಲ್ಲೇ ವಶವಾಗುವ ಆಯುಧಗಳ ಬಗ್ಗೆ ಕುತೂಹಲ ತೋರಿಸಬೇಕಿತ್ತು.

ಶಿಕ್ಷೆಯ ವಿಷಯದಲ್ಲೂ ಅಷ್ಟೇ. ಯೂರಿ ಕೊನೆಗೆ ಸಿಕ್ಕಿಬೀಳ್ತಾನೆ, ಆದರೆ ಬೇಕಾದವನು ಅಂತ ಬಿಡುಗಡೆಯಾಗ್ತಾನೆ. 2024ರ ಜನವರಿಯಲ್ಲಿ ಸೊಮಾಲಿಯಾ ತೀರದಾಚೆ ಅಮೆರಿಕದ ಸೀಲ್ ಪಡೆ ರಾತ್ರಿ ಒಂದು ಧೋ ಹತ್ತಿತು. ಹತ್ತುವಾಗ ಇಬ್ಬರು ಯೋಧರು ಸಮುದ್ರಕ್ಕೆ ಬಿದ್ದು ಸತ್ತರು. ಒಳಗೆ ಇರಾನಿನ ಕ್ಷಿಪಣಿಗಳ ಭಾಗಗಳು ಸಿಕ್ಕವು. ಧೋವನ್ನು ಅಲ್ಲೇ ಮುಳುಗಿಸಿದರು. ಮೀನು ಹಿಡಿಯೋ ಕೆಲಸ ಅಂತಲೇ ಬಂದಿದ್ವಿ, ಆ ದೊಡ್ಡ ಪೊಟ್ಟಣಗಳಲ್ಲಿ ಏನಿದೆ ಅಂತ ಗೊತ್ತಿರಲಿಲ್ಲ ಅಂತ ಸಿಬ್ಬಂದಿಯವರು ವರ್ಜೀನಿಯಾದ ಕೋರ್ಟಿನಲ್ಲಿ ಹೇಳಿದರು. ಹಡಗು ನಡೆಸಿದ್ದ ಪಾಕಿಸ್ತಾನಿ ನಾವಿಕನಿಗೆ 2025ರ ಅಕ್ಟೋಬರ್‌ನಲ್ಲಿ 40 ವರ್ಷ ಜೈಲಾಯ್ತು.