ಓದಲು ಹೋದವನ ಬಚ್ಚಿಟ್ಟ ದುಡಿಮೆ

ಪರದೇಶದಲ್ಲಿ ದುಡಿಯುತ್ತ ಓದಿದವರ ಬಗ್ಗೆ ನಮ್ಮಲ್ಲಿ ಒಂದು ಸಿದ್ಧ ಕಥೆಯಿದೆ. ಹುಡುಗ ಬಡವ, ಹಗಲು ಓದಿದ, ರಾತ್ರಿ ಹೋಟೆಲಿನಲ್ಲಿ ತಟ್ಟೆ ತೊಳೆದ, ಕೊನೆಗೆ ದೊಡ್ಡ ಮನುಷ್ಯನಾದ. ಸನ್ಮಾನ ಸಮಾರಂಭಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ಕಥೆಯಿದು. ಇದು ಸುಳ್ಳೇನಲ್ಲ. 1922ರಲ್ಲಿ ಅಮೆರಿಕಕ್ಕೆ ಹೋದ ಜಯಪ್ರಕಾಶ ನಾರಾಯಣರು ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡಿ, ತಟ್ಟೆ ತೊಳೆದು ಓದಿದ್ದು ಎಲ್ಲರೂ ಬಲ್ಲ ಸಂಗತಿ. ಆದರೆ ತಟ್ಟೆ ತೊಳೆದದ್ದು ಹೆಮ್ಮೆಯ ಮಾತಾಗುವುದು ತೊಳೆದವನು ದೊಡ್ಡವನಾದ ಮೇಲೆ. ತೊಳೆಯುತ್ತಿದ್ದಾಗ ಅವನ ಸ್ಥಿತಿ ಏನಿತ್ತು? ಭಾಷಣಗಳು ಕೇಳದ ಈ ಪ್ರಶ್ನೆಯನ್ನು ನಮ್ಮ ಉಪಖಂಡದ ಬೇರುಗಳುಳ್ಳ ಇಬ್ಬರು ಲೇಖಕರ ಇಂಗ್ಲಿಷ್ ಕಾದಂಬರಿಗಳು ಕೇಳುತ್ತವೆ: ಮೊಹ್ಸಿನ್ ಹಮೀದರ ‘ದಿ ರಿಲಕ್ಟಂಟ್ ಫಂಡಮೆಂಟಲಿಸ್ಟ್’ (2007) ಮತ್ತು ಸಂಜೀವ್ ಸಹೋತಾರ ‘ದಿ ಇಯರ್ ಆಫ್ ದಿ ರನ್‌ಅವೇಸ್’ (2015). ಎರಡೂ ಬೂಕರ್ ಪ್ರಶಸ್ತಿಯ ಕೊನೆಯ ಸುತ್ತಿಗೆ ಬಂದಿದ್ದ ಕೃತಿಗಳು.

ಹಮೀದರ ಕಾದಂಬರಿಯನ್ನು ಎಲ್ಲರೂ 2001ರ ಸೆಪ್ಟೆಂಬರ್ 11ರ ನಂತರದ ಮುಸ್ಲಿಮನ ಕಥೆಯೆಂದೇ ಓದಿದರು. ಅದು ಸರಿಯೇ. ಆದರೆ ಗೋಪುರಗಳು ಬೀಳುವ ಮೊದಲೇ ಅದರ ನಾಯಕ ಚಂಗೇಜ್ ಎರಡು ಬದುಕು ಬದುಕುತ್ತಿದ್ದುದನ್ನು ಹೆಚ್ಚಿನವರು ಗಮನಿಸಲಿಲ್ಲ. ಲಾಹೋರಿನ, ಒಂದು ಕಾಲದಲ್ಲಿ ಚೆನ್ನಾಗಿ ಬಾಳಿದ ಮನೆತನದವನು ಅವನು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಧನಸಹಾಯದಲ್ಲಿ ಓದುತ್ತಿದ್ದಾನೆ. ಅಲ್ಲಿ ಜನ ಹೆಚ್ಚಾಗಿ ಸುಳಿಯದ ಮೂಲೆಗಳನ್ನೇ ಹುಡುಕಿ ಮೂರು ಕೆಲಸ ಮಾಡುತ್ತಾನೆ. ಸಹಪಾಠಿಗಳ ನಡುವೆ ಮಾತ್ರ ರಾಜಕುಮಾರನಂತೆ ಓಡಾಡುತ್ತಾನೆ. ಉರ್ದುವಿನಲ್ಲಿ ಇದಕ್ಕೆ ಸರಿಯಾದ ಮಾತಿದೆ: ಸಫೇದ್‌ಪೋಶಿ. ಒಲೆಯಲ್ಲಿ ಬೆಂಕಿಯಿಲ್ಲದಿದ್ದರೂ ಮೈಮೇಲಿನ ಬಿಳಿ ಬಟ್ಟೆ ಮಾಸದಂತೆ ಕಾಯ್ದುಕೊಳ್ಳುವ ಮರ್ಯಾದಸ್ಥರ ಸಂಕಟ ಅದು.

ಚಂಗೇಜನ ಗುಟ್ಟನ್ನು ಕಂಡುಹಿಡಿಯುವವನು ಕೆಲಸಕ್ಕೆ ಸಂದರ್ಶನ ಮಾಡುವ ಜಿಮ್. ತಾನೂ ಓದುವಾಗ ರಾತ್ರಿ ಪಾಳಿಯಲ್ಲಿ ದುಡಿದವನೆಂದೂ, ಗೆಳೆಯರಿಗೆ ತಿಳಿಯದಿರಲೆಂದು ಟ್ರೆಂಟನ್ ಊರಿಗೆ ಹೋಗಿ ದುಡಿದೆನೆಂದೂ ಅವನು ಹೇಳುತ್ತಾನೆ. ಜಿಮ್ ಪರದೇಶಿಯಲ್ಲ, ಬಿಳಿಯ ಅಮೆರಿಕನ್. ಅಂದರೆ ಈ ನಾಚಿಕೆ ಪರದೇಶಿಗಳಿಗಷ್ಟೇ ಮೀಸಲಾದುದಲ್ಲ. ಸಿರಿವಂತರ ನಡುವೆ ಕೂತ ಬಡವನದು. ಕಾದಂಬರಿಯ ಒಳ್ಳೆಯ ಒಳನೋಟಗಳಲ್ಲಿ ಇದೂ ಒಂದು. ಆದರೂ ನಮ್ಮದೊಂದು ತಕರಾರಿದೆ. ಆ ಮೂರು ಕೆಲಸಗಳು ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತವೆ. ಚಂಗೇಜನ ಕೈ ಏನು ಮಾಡಿತು, ಬೆನ್ನು ಎಷ್ಟು ನೊಂದಿತು ಎಂಬುದು ನಮಗೆ ಕೊನೆಗೂ ತಿಳಿಯುವುದಿಲ್ಲ. ಗೆಳೆಯರಿಂದ ಮುಚ್ಚಿಟ್ಟದ್ದನ್ನು ಅವನು ಓದುಗರಿಂದಲೂ ಮುಚ್ಚಿಡುತ್ತಾನೆ.

ಸಹೋತಾ ಮುಚ್ಚಿಡುವುದಿಲ್ಲ. ಅವರ ಅವತಾರ್ ಪಂಜಾಬಿನ ಹುಡುಗ. ಇಂಗ್ಲೆಂಡಿಗೆ ವಿದ್ಯಾರ್ಥಿ ವೀಸಾ ಪಡೆಯಲು ತನ್ನ ಒಂದು ಮೂತ್ರಪಿಂಡವನ್ನೇ ಮಾರಿದವನು, ಅದೂ ಸಾಲದೆ ಬಡ್ಡಿ ಸಾಲ ಹೊತ್ತವನು. ಶೆಫೀಲ್ಡಿನಲ್ಲಿ ಹಗಲು ಕಟ್ಟಡದ ಕೂಲಿ, ರಾತ್ರಿ ಕರಿದ ಕೋಳಿಯ ಅಂಗಡಿಯಲ್ಲಿ ದುಡಿಮೆ. ಒಂದೇ ಮನೆಯಲ್ಲಿ ಹಲವು ಗಂಡಸರು, ಗೋಡೆಯಲ್ಲಿ ಚಳಿ, ಬಾಗಿಲು ಬಡಿದರೆ ಪೊಲೀಸರ ಭಯ. ಅದೇ ಮನೆಯಲ್ಲಿ ಬಿಹಾರದ ದಲಿತ ತೋಚಿಯೂ ಇದ್ದಾನೆ. ಅವನ ಜಾತಿ ಸಮುದ್ರ ದಾಟಿ ಬಂದು ಅಲ್ಲಿಯೂ ಅವನನ್ನು ಹೊರದಬ್ಬುತ್ತದೆ. ಈ ಪುಸ್ತಕದಲ್ಲಿ ಕೆಲಸ ಎಂಬುದು ಬರೀ ಹಿನ್ನೆಲೆಯಲ್ಲ. ಇಟ್ಟಿಗೆಯ ಭಾರ, ಎಣ್ಣೆಯ ವಾಸನೆ, ನಿದ್ದೆಗೆಟ್ಟ ಕಣ್ಣು ಎಲ್ಲವೂ ಅಲ್ಲಿವೆ.

ಇಲ್ಲದಿರುವುದು ತರಗತಿ. ವಿದ್ಯಾರ್ಥಿಯೆಂಬ ಹೆಸರಿನಲ್ಲಿ ಬಂದವನ ಕಥೆಯಲ್ಲಿ ಪಾಠ ನಡೆಯುವುದು ಕಾಣುವುದೇ ಅಪರೂಪ. ಇದನ್ನು ಕೊರತೆಯೆಂದು ಎಣಿಸಬೇಕಿಲ್ಲ. ಅವತಾರ್ ಪುಸ್ತಕ ತೆರೆಯಲು ಯತ್ನಿಸುತ್ತಾನೆ, ಪರೀಕ್ಷೆಯ ಚಿಂತೆಯೂ ಅವನಿಗಿದೆ, ದೇಹ ಒಪ್ಪುವುದಿಲ್ಲ. ಓದುವ ಹಕ್ಕನ್ನು ಕೊಂಡುಕೊಳ್ಳಲು ಮಾಡಿದ ಸಾಲ ಓದುವ ಹೊತ್ತನ್ನೇ ನುಂಗಿಬಿಟ್ಟಿದೆ.

ಕಾನೂನು ಇದನ್ನು ಗಂಟೆಗಳಲ್ಲಿ ಅಳೆಯುತ್ತದೆ. ಪದವಿ ತರಗತಿಯ ವಿದೇಶಿ ವಿದ್ಯಾರ್ಥಿಗೆ ಪಾಠದ ಅವಧಿಯಲ್ಲಿ ಬ್ರಿಟನ್ ವಾರಕ್ಕೆ 20 ಗಂಟೆಯ ದುಡಿಮೆಗೆ ಒಪ್ಪುತ್ತದೆ. ಆಸ್ಟ್ರೇಲಿಯಾ 2023ರ ಜುಲೈಯಿಂದ ಎರಡು ವಾರಕ್ಕೆ 48 ಗಂಟೆ ಎಂದಿದೆ. ಕೆನಡಾ 2024ರ ನವೆಂಬರಿನಿಂದ ಕ್ಯಾಂಪಸ್ಸಿನ ಹೊರಗೆ ವಾರಕ್ಕೆ 24 ಗಂಟೆ ಎಂದಿದೆ. ಓದು ಕೆಡದಿರಲೆಂಬ ಕಾಳಜಿ ಇದರಲ್ಲಿರಬಹುದು. ಆದರೆ ಬಾಡಿಗೆಯೂ ಸಾಲದ ಕಂತೂ ಗಂಟೆ ನೋಡಿ ಬರುವುದಿಲ್ಲ. ಮಿತಿ ದಾಟಿದವನು ಅಪರಾಧಿಯಾಗುತ್ತಾನೆ. ಸಂಬಳ ಕಡಿಮೆ ಕೊಟ್ಟ ಮಾಲೀಕನ ಮೇಲೆ ದೂರು ಕೊಡಲು ಅವನಿಗೆ ಬಾಯಿ ಬಾರದು. ಆ ಮೌನದಲ್ಲೇ ಮಾಲೀಕನ ಲಾಭವಿದೆ. ಯಾವ ವರದಿಗಿಂತಲೂ ಸ್ಪಷ್ಟವಾಗಿ ಸಹೋತಾ ಇದನ್ನು ತೋರಿಸಿದ್ದಾರೆ.

ನಮ್ಮ ಕರಾವಳಿಯ ಮುಸ್ಲಿಂ ಮನೆಗಳಿಗೆ ಗಲ್ಫ್ ಹೊಸದಲ್ಲ. ಆದರೆ ಗಲ್ಫಿಗೆ ಹೋದವನು ದುಡಿಯಲೆಂದೇ ಹೋದವನು. ಅವನ ಬೆವರು ಊರಿಗೆಲ್ಲ ಗೊತ್ತು. ಓದಲು ಹೋದವನದು ಹಾಗಲ್ಲ. ನಿಕಾಹ್ ಮಾತುಕತೆಯಲ್ಲಿ ‘ಹುಡುಗ ಲಂಡನ್ನಿನಲ್ಲಿ ಓದುತ್ತಿದ್ದಾನೆ’ ಎಂಬ ಒಂದು ಮಾತಿಗೆ ತೂಕವಿದೆ. ರಾತ್ರಿ ಅವನು ಯಾವ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದಾನೆ ಎಂದು ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಫೋನಿನಲ್ಲಿ ಅಮ್ಮೀಜಾನ್ ‘ಚೆನ್ನಾಗಿದ್ದೀಯಾ ಬೇಟಾ?’ ಎಂದರೆ ‘ಚೆನ್ನಾಗಿದ್ದೇನೆ’ ಎನ್ನುತ್ತಾನೆ. ಬಿಳಿ ಬಟ್ಟೆಯನ್ನು ಅವನೊಬ್ಬನೇ ಹೊದ್ದಿಲ್ಲ. ಇಡೀ ಮನೆಯೇ ಹೊದ್ದಿದೆ.

ಪ್ರವಾದಿ ದಾವೂದ್ ಅಲೈಹಿಸ್ಸಲಾಮರು ತಮ್ಮ ಕೈದುಡಿಮೆಯಿಂದಲೇ ಉಣ್ಣುತ್ತಿದ್ದರೆಂದು ಹದೀಸ್ ಹೇಳುತ್ತದೆ. ಜುಮಾ ಪ್ರವಚನಗಳಲ್ಲಿ ಇದನ್ನು ಕೇಳುತ್ತ ಬೆಳೆದ ಸಮುದಾಯದಲ್ಲಿ ತಟ್ಟೆ ತೊಳೆಯುವ ಮಗನ ವಿಷಯ ಗುಟ್ಟಾಗಿರುವುದೇಕೆ? ಈ ಪ್ರಶ್ನೆಯನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಕಥೆ ಬರೆಯುವವರು ಎತ್ತಿಕೊಳ್ಳಬೇಕು. ಹಮೀದ್ ಆ ನಾಚಿಕೆಗೆ ಮಾತು ಕೊಟ್ಟರು, ಸಹೋತಾ ಆ ದೇಹದ ದಣಿವನ್ನು ಬರೆದರು. ಫೋನಿನ ಈ ತುದಿಯಲ್ಲಿ ಕುಳಿತು, ತಿಳಿದೂ ಕೇಳದೆ ಉಳಿಯುವ ಮನೆಯವರ ಕಥೆ ಇನ್ನೂ ಬರೆಯಲು ಬಾಕಿಯಿದೆ. ಅದನ್ನು ಬರೆಯುವವರು ಈ ಮನೆಗಳ ಒಳಗಿನವರಾದರೆ ಒಳ್ಳೆಯದು.