ಎದುರು ಕಡೆಯ ಪುಸ್ತಕ

ಶೀತಲ ಸಮರದ ಬಗ್ಗೆ ಬಂದ ಹೆಸರಾಂತ ಕೃತಿಗಳಲ್ಲಿ ಅಮೆರಿಕದ ಇತಿಹಾಸಕಾರ ಜಾನ್ ಲೂಯಿಸ್ ಗ್ಯಾಡಿಸ್ ಅವರ 'ವಿ ನೌ ನೋ' (1997) ಒಂದು. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಹೊರಬಂದ ಗುಪ್ತ ಕಡತಗಳನ್ನು ಆಧರಿಸಿ, ಸ್ಟಾಲಿನ್ ಇರುವ ತನಕ ಈ ಸಮರ ತಪ್ಪುವಂತಿರಲಿಲ್ಲ ಎಂದು ಅವರು ತೀರ್ಪು ಕೊಡುತ್ತಾರೆ. 'ನಮಗೀಗ ಗೊತ್ತು' ಎಂಬ ಶೀರ್ಷಿಕೆ ಕಂಡಾಗ ಲೆಕ್ಕಪರಿಶೋಧಕನಾದ ನನಗೆ ಮೊದಲು ಹೊಳೆಯುವ ಪ್ರಶ್ನೆ: ಆ ಕಡತಗಳನ್ನು ಆರಿಸಿ ಕೊಟ್ಟವರು ಯಾರು?

ಕಂಪನಿಯ ಲೆಡ್ಜರ್ ಒಂದನ್ನೇ ನಂಬಿ ನಾವು ಸಹಿ ಹಾಕುವುದಿಲ್ಲ. ಬ್ಯಾಂಕಿಗೂ ಗಿರಾಕಿಗಳಿಗೂ ಪತ್ರ ಬರೆದು ಬಾಕಿ ಎಷ್ಟೆಂದು ಅವರಿಂದಲೇ ತರಿಸಿಕೊಳ್ಳುತ್ತೇವೆ. 1962ರ ಕ್ಯೂಬಾ ಬಿಕ್ಕಟ್ಟಿನಲ್ಲಿ ಇತಿಹಾಸಕಾರರಿಗೆ ಅಂಥದ್ದೇ ಉತ್ತರ ಸಿಕ್ಕಿತು. ರಾಬರ್ಟ್ ಕೆನಡಿ ತೀರಿಕೊಂಡ ಮೇಲೆ 1969ರಲ್ಲಿ ಬಂದ 'ಥರ್ಟೀನ್ ಡೇಸ್' ಪ್ರಕಾರ, ಟರ್ಕಿಯಲ್ಲಿದ್ದ ಅಮೆರಿಕದ ಕ್ಷಿಪಣಿಗಳ ಬಗ್ಗೆ ಕೊಡುಕೊಳ್ಳುವ ಮಾತೇ ಇರಲಿಲ್ಲ. ಕೆನಡಿಯ ದಿನಚರಿಯಲ್ಲಿ ಒಪ್ಪಂದ ಸ್ಪಷ್ಟವಾಗಿತ್ತು, ಅದನ್ನು ತೆಗೆದುಹಾಕಿದ್ದು ತಾನೇ ಎಂದು ಆ ಪುಸ್ತಕ ತಿದ್ದಿದ್ದ ಸೋರೆನ್‌ಸೆನ್ 1989ರ ಮಾಸ್ಕೋ ಸಮ್ಮೇಳನದಲ್ಲಿ ಒಪ್ಪಿಕೊಂಡರು. ಮುಂದೆ, ಅಕ್ಟೋಬರ್ 27ರ ಭೇಟಿಯ ಬಗ್ಗೆ ಸೋವಿಯತ್ ರಾಯಭಾರಿ ಡೊಬ್ರಿನಿನ್ ಮಾಸ್ಕೋಗೆ ಕಳಿಸಿದ್ದ ತಂತಿಯೂ ಪ್ರಕಟವಾಯಿತು. ಕ್ಷಿಪಣಿ ತೆಗೆಯಲು ನಾಲ್ಕೈದು ತಿಂಗಳು ಬೇಕು, ಬಹಿರಂಗವಾಗಿ ಹೇಳಲಾಗದು ಎಂಬ ಮಾತು ಅದರಲ್ಲಿದೆ. ಇದನ್ನೇ ಖಚಿತಪಡಿಸಿ ಖ್ರುಶ್ಚೇವ್ ಕಳಿಸಿದ ಪತ್ರವನ್ನು ರಾಬರ್ಟ್ ಕೆನಡಿ ಇಟ್ಟುಕೊಳ್ಳದೆ ವಾಪಸ್ ಕೊಟ್ಟರು. ತಮ್ಮ ಪುಸ್ತಕದಲ್ಲಿ ಎಂಟ್ರಿ ಬೀಳಬಾರದು, ಅಷ್ಟೇ! ಎದುರು ಕಡೆಯ ಪುಸ್ತಕದಲ್ಲಿ ಬಿದ್ದಿತ್ತು. ಅಣ್ವಸ್ತ್ರದ ಎದುರು ಬಗ್ಗದೆ ನಿಂತರೆ ಗೆಲ್ಲಬಹುದು ಎಂಬ ಅಪಾಯಕಾರಿ ಪಾಠವನ್ನು ಜಗತ್ತು ಅಷ್ಟು ವರ್ಷ ಕಲಿತದ್ದು ಈ ಬಿಟ್ಟುಹೋದ ಸಾಲಿನಿಂದ. ಟರ್ಕಿಯನ್ನಂತೂ ಯಾರೂ ಕೇಳಲಿಲ್ಲ. 1963ರ ಏಪ್ರಿಲ್ ಹೊತ್ತಿಗೆ ಅಲ್ಲಿನ ಕ್ಷಿಪಣಿಗಳು ಹೋಗಿದ್ದವು.

ಕೊರಿಯಾ ಯುದ್ಧದ ಕಡತಗಳ ಕಥೆ ಬೇರೆ. 1950ರ ಜನವರಿಯಲ್ಲಿ ಸ್ಟಾಲಿನ್ ಕಿಮ್ ಇಲ್ ಸುಂಗ್‌ಗೆ ನೆರವಾಗಲು ಒಪ್ಪಿದ ತಂತಿ ನಿಜಕ್ಕೂ ದೊಡ್ಡ ಸಾಕ್ಷಿ. ಆದರೆ ಆ ಯುದ್ಧದ ಹಲವು ಕಾಗದಗಳನ್ನು 1994ರಲ್ಲಿ ಯೆಲ್ಟ್‌ಸಿನ್ ದಕ್ಷಿಣ ಕೊರಿಯಾದ ಅಧ್ಯಕ್ಷರಿಗೆ ಕೊಟ್ಟದ್ದು ಉಡುಗೊರೆಯಂತೆ. ಕಕ್ಷಿದಾರ ತಾನೇ ಆರಿಸಿ ಮೇಜಿನ ಮೇಲಿಟ್ಟ ವೋಚರುಗಳು ಸುಳ್ಳಾಗಬೇಕಿಲ್ಲ; ಕಪಾಟಿನಲ್ಲಿ ಉಳಿದದ್ದೇನೆಂದು ಮಾತ್ರ ಕೇಳಲೇಬೇಕು. ಪ್ಯೊಂಗ್‌ಯಾಂಗ್‌ನ ಪತ್ರಾಗಾರ ಹೊರಗಿನವರಿಗೆ ಇಂದಿಗೂ ಮುಚ್ಚಿದ ಬಾಗಿಲು.

ಶೀರ್ಷಿಕೆಯ 'ಈಗ' ಎಂಬ ಪದ ತಾತ್ಕಾಲಿಕವೆಂದು ಗ್ಯಾಡಿಸ್ ಕೂಡ ಒಪ್ಪುತ್ತಾರೆ. ಒಪ್ಪಿದ ಮೇಲೂ ಅವರ ವಾಕ್ಯಗಳ ಧೈರ್ಯ ತಗ್ಗುವುದಿಲ್ಲ ಎಂಬುದೇ ನನ್ನ ತಕರಾರು. ಕ್ಯೂಬಾ ಅಧ್ಯಾಯಕ್ಕೆ ಸಹಿ ಹಾಕಿಯೇನು, ಕೊರಿಯಾಕ್ಕೆ ಷರಾ ಬರೆದು. ಓದುವವರು ಕ್ಯೂಬಾದಿಂದಲೇ ಶುರುಮಾಡಿ.